ಓದಿ ಹೇಳದೆ ಬಿಡದ ಶಿರಸ್ತೇದಾರರು

ನನಗ ಆಗ ಐವತ್ತನಾಲ್ಕು ವರ್ಷ. ಅದಾಗಿ ಈಗ ಹದಿನೈದು ವರ್ಷ ಆತು. ಬೆಟಗೇರಿಯೊಳಗ ಮಗ್ಗದ ಮನಿಗಳ ಹಿಂದಿನ ಓಣಿಯೊಳಗ ಒಂದೇ ಗ್ವಾಡಿಗೆ ಹೊಂದಿದ ಎರಡು ಬಾಡಿಗಿ ಮನಿ. ಒಂದರಾಗ ನಾನು, ಇನ್ನೊಂದರಾಗ ಶಿರಸ್ತೇದಾರರು. ನಾ ಜೋಳದ ರೊಟ್ಟಿ ಬಡಿದು ಮಾರಾಕಿ. ಅವರು ಲಕ್ಷ್ಮೇಶ್ವರದ ಸಾಬರು. ಕೋರ್ಟಿನೊಳಗ ಸಾಕ್ಷಿಗಳ ಹೇಳಿಕಿ ಬರಕೊಂಡು ಬರಕೊಂಡು, ಕಡೀಕ ಶಿರಸ್ತೇದಾರರಾಗಿ ಪಿಂಚಣಿ ತಗೊಂಡವರು. ಅವರಿಗೆ ಹೆಸರು ಇರಲಿಲ್ಲಂತಲ್ಲ. ಓಣಿಯೊಳಗ ಯಾರೂ ಆ ಹೆಸರಲೆ ಕರೀತಿರಲಿಲ್ಲ, ನಾನೂ ಕರೀಲಿಲ್ಲ. ಇಲ್ಲೂ ಬರಿಯೂದಿಲ್ಲ.

ಹೋದ ವರ್ಷ ತೀರಿಕೊಂಡರು. ಅಂಗವಿಕಲರ ಸಂಘದವರು ಬಂದು, "ಅಜ್ಜಿ, ಅವರ ಬಗ್ಗೆ ಎರಡು ಮಾತು ಬರದು ಕೊಡ್ರಿ, ಒಂದು ಪುಸ್ತಕ ತರತೇವಿ" ಅಂದರು. ಅವರು ದೊಡ್ಡವರು, ದೇವರಂಥವರು ಅಂತೆಲ್ಲಾ ಬರಿಯಾಕ ಬ್ಯಾರೆ ಮಂದಿ ಅದಾರ. ದೇವರಂಥವರೇನೂ ಆಗಿರಲಿಲ್ಲ. ನಳದ ನೀರಿನ ಸಲುವಾಗಿ ಓಣಿಯ ಹೆಂಗಸರ ಜೋಡಿ ಅವರು ಮಾಡಿದಷ್ಟು ಜಗಳ ಯಾವ ಗಂಡಸೂ ಮಾಡಿರಲಿಕ್ಕಿಲ್ಲ. ಯಾರ ಕೊಡ ಮದ್ಲ, ಯಾರದು ಆಮ್ಯಾಲ ಅಂತ ಚೀಟಿ ಬರದು ನಳದ ಕಟ್ಟಿಗೆ ಅಂಟಿಸಿದ್ದರು. ಬಸುರಿ ಹೆಂಗಸು ಬಂದರೂ ಚೀಟಿ ನೋಡಿ ನಿಲ್ಲಸತಿದ್ದರು. ನನ್ನ ರೊಟ್ಟಿ ಅಷ್ಟು ವರ್ಷ ತಿಂದರು, ಛಲೋ ಆಗೇತಿ ಅಂತ ಒಂದು ದಿನ ಅನ್ನಲಿಲ್ಲ. "ನಡೀತೈತಿ" ಅಂತಿದ್ದರು, ಅಷ್ಟ.

ಅವರಿಗೊಂದು ಚಟ ಇತ್ತು. ಯಾರು ಏನು ಹೇಳಿದರೂ ಅದನ್ನ ಬರಕೊಂಡು ತಿರುಗಿ ಅವರಿಗೇ ಓದಿ ಹೇಳಬೇಕು. ಕೋರ್ಟಿನೊಳಗ ಹಂಗಂತ. ಸಾಕ್ಷಿ ಹೇಳಿದ್ದನ್ನ ಬರದು, ಸಾಕ್ಷಿಗೆ ಓದಿ ಹೇಳಿ, ಅಂವ ಖರೆ ಅಂದ ಮ್ಯಾಲ ಸಹಿ. ಜೀವಮಾನೆಲ್ಲಾ ಅದನ್ನ ಮಾಡಿದವರಿಗೆ ಪಿಂಚಣಿ ಬಂತು ಅಂತ ಚಟ ಬಿಡತೈತೇನು? ಸಂಜಿಮುಂದ ನನ್ನ ಬಾಗಲಕ್ಕ ಬಂದು ರೊಟ್ಟಿ ಹೇಳತಿದ್ದರು. ಹೇಳಿ, ಕಿಸೆದಾಗಿನ ಚೀಟಿಯೊಳಗ ಬರದು, ಮೂಗಿನ ಚಾಳೀಸು ಮ್ಯಾಲ ಏರಿಸಿ:

"ಓದಿ ಹೇಳತೇನಿ, ಕೇಳ್ರಿ ನೀಲವ್ವಾರ. ನಾಳೆ ಮುಂಜಾನೆ ಬಿಸಿ ರೊಟ್ಟಿ ಆರು, ಕಡಕ್ ರೊಟ್ಟಿ ನಾಲ್ಕು, ಅಂಚು ಸೀದಿರಬಾರದು. ಖರೆ ಏನ್ರಿ?"

"ಖರೆರೀ ಯಪ್ಪಾ. ಇಲ್ಲೆ ಹಂಚಿನ ಮ್ಯಾಲ ಇದ್ದದ್ದೂ ಸೀಯಾಕತ್ತೇತಿ, ಹೋಗ್ರಿನ್ನ."

"ಅದು ಹೇಳಿಕಿಯೊಳಗ ಇಲ್ಲ" ಅಂದು ಹೋಗತಿದ್ದರು. ನಗತಿರಲಿಲ್ಲ. ಚಾಷ್ಟಿ ಮಾಡಿದರೋ ಖರೇನ ಅಂದರೋ ನನಗ ಒಮ್ಮೆನೂ ತಿಳೀಲಿಲ್ಲ.

ಅವರ ಮನಿಯಾಕಿ ಬೂಬಮ್ಮ ದಪ್ಪನ್ನ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆಕಿ ಅಂತಿದ್ದಳು, "ನೀಲಕ್ಕ, ನಿಕಾದಾಗ ಖಾಜಿ ಮೂರು ಸಲ ಕೇಳಿದ್ರು, ನಾ ಕಬೂಲ್ ಅಂದೆ. ಇವ್ರಿಗೆ ಸಾಲಲಿಲ್ಲ ನೋಡ್. ಮನಿಗೆ ಬಂದ ಮ್ಯಾಲ ನಾಕನೇ ಸಲ ತಾವ ಕೇಳಿದ್ರು. ನಾ ಆಗ ಬ್ಯಾಡ ಅನ್ನಬೇಕಿತ್ತು."

ಶಿರಸ್ತೇದಾರರದು ಮಾರಿ ಉದ್ದ, ಮೈ ಸಣ್ಣ. ಬರಕೊಂಡು ಬರಕೊಂಡು ಕತ್ತು ಮುಂದಕ್ಕ ಬಾಗಿತ್ತು. ಬಲಗೈ ನಡುಬಟ್ಟಿನ ಮ್ಯಾಲ ಪೆನ್ನು ಒತ್ತಿ ಒತ್ತಿ ಒಂದು ಗಂಟು. ಕಿಸೆದಾಗ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಜನ ಹೇಳಿದ್ದನ್ನ ನೀಲಿಯೊಳಗ ಬರಿಯೂದು. ಕೆಂಪಿನೊಳಗ ತಮ್ಮ ಕನ್ನಡ ತಾವ ತಿದ್ದಕೊಳ್ಳೂದು. "ಜನರ ಮಾತಿಗೆ ಕೆಂಪು ಹಚ್ಚಬಾರದ್ರಿ" ಅಂತಿದ್ದರು.

ಒಂದಿನ ಸಂಘದವರು ಇಂಗ್ಲೀಷಿನಾಗ ಇದ್ದ ದಪ್ಪ ಕಾಗದದ ಕಟ್ಟು ತಂದು ಅವರ ಕೈಯಾಗ ಕೊಟ್ಟು ಹೋದರು. ಮುಂದಿನ ಕಟ್ಟಿ ಮ್ಯಾಲ ಅದನ್ನ ಹರವಿಕೊಂಡು ಕುಂತರು. ಮೂರು ದಿನ ಎದ್ದೇಳಲಿಲ್ಲ. ನಾ ಕೇಳಿದೆ, "ಏನ್ರಿ ಅದು, ಯಾರದು ಇಷ್ಟು ದೊಡ್ಡ ಕೇಸು?"

"ದುನಿಯಾದ ದೇಶಗಳೆಲ್ಲಾ ಕೂಡಿ ಅಂಗವಿಕಲ ಮಂದಿಯ ಹಕ್ಕು ಅಂತ ಒಂದು ಕರಾರು ಮಾಡ್ಯಾವ್ರಿ. ಅದರಾಗ ಮಕ್ಕಳದ ಸುದ್ದಿ ಬ್ಯಾರೇನ ಐತಿ. ನಮ್ಮ ದೇಶಾನೂ ಸಹಿ ಹಾಕೇತಿ."

"ಹಂಗಾದ್ರ ಆತಲ್ರಿ."

"ಎಲ್ಲಿ ಆತು? ಸಹಿ ಹಾಕಿದ್ದು ನಿಶ್ಚಯದ ಸಕ್ಕರಿ ಹಂಚಿದಂಗ. ಲಗ್ನ ಆಗಬೇಕಂದ್ರ ಇಲ್ಲಿ ನಮ್ಮ ಕಾಯ್ದೆ ಆಗಬೇಕು. ಕಾಯ್ದೆ ಆಗೂತನಕಾ ಆ ಹಕ್ಕು ಬಾಸಿಂಗ ಕಟಗೊಂಡು ಬಾಗಲದಾಗ ನಿಂತಿರತೈತಿ."

"ಸಕ್ಕರಿ ಹಂಚಿ ಲಗ್ನ ಮುರದವ್ರು ಭಾಳ ಮಂದಿ ಅದಾರ" ಅಂದೆ.

"ಅದಕ್ಕ ನಾ ಕುಂತೇನಿ" ಅಂದರು.

ದಿಲ್ಲಿಯೊಳಗ ಆ ಹೊಸ ಕಾಯ್ದೆಯ ಕರಡು ಬರಿಯಾಕತ್ತಿದ್ದರಂತ. ಜನ ಏನಂತಾರ ಅಂತ ಕೇಳಿದ್ದರಂತ. ಕೇಳಿದ್ದು ಇಂಗ್ಲೀಷಿನಾಗ. "ಹೊಂಬಳದಾಗಿನ ತಾಯಿಗೆ ಇಂಗ್ಲೀಷಿನಾಗ ಕೇಳಿದ್ರ ಆಕಿ ಏನಂತಾಳ್ರಿ?" ಅಂತ ಇವರು ಅದನ್ನ ಕನ್ನಡ ಮಾಡಾಕ ಹತ್ತಿದರು. ಒಂದೊಂದು ಮಾತು ಬರದು ನನ್ನ ಒಲಿ ಮುಂದ ಬಂದು ಕುಂತು ಓದೂದು. ನನಗ ತಿಳೀಲಿಲ್ಲಂದ್ರ ಕೆಂಪು ಪೆನ್ನು ತಗದು ತಮ್ಮದನ್ನ ಹೊಡೆದು ಮತ್ತ ಬರಿಯೂದು.

"ಸಮುಚಿತ ಸರ್ಕಾರವು ಕ್ರಮ ಕೈಗೊಳ್ಳತಕ್ಕದ್ದು."

"ಅದು ಯಾವ ಸರ್ಕಾರ? ನಾ ಆ ಹೆಸರು ಕೇಳಿಲ್ಲ."

"ಯಾರ ಕೆಲಸ ಐತೋ ಆ ಸರ್ಕಾರ."

"ಹಂಗಾದ್ರ ಯಾರ ಕೆಲಸಾನೂ ಅಲ್ಲ ಅಂತ ಬರೀರಿ. ಪಂಚಾಯ್ತಿಯವ್ರು ಜಿಲ್ಲಾದವ್ರದಂತಾರ, ಜಿಲ್ಲಾದವ್ರು ಬೆಂಗಳೂರಿನವ್ರದಂತಾರ."

ಹೊಡೆದು ಹಾಕಿದರು. ಮುಂಜಾನಿ ಬಂದು ಹೊಸದು ಓದಿದರು. "ದಿಲ್ಲಿ ಸರ್ಕಾರ ಇಲ್ಲವೇ ರಾಜ್ಯ ಸರ್ಕಾರ, ಯಾರ ಪಾಲಿಗೆ ಬಂದ ಕೆಲಸವೋ ಅವರೇ ಮಾಡಬೇಕು, ಇನ್ನೊಬ್ಬರ ಕಡೆ ಬಟ್ಟು ಮಾಡಬಾರದು." ದಿಲ್ಲಿಯ ಕಾಗದದಾಗ ಕಡೀ ಮಾತು ಇತ್ತೋ ಇಲ್ಲೋ ನನಗ ಗೊತ್ತಿಲ್ಲ.

ಆಮ್ಯಾಲ ಆ ಕನ್ನಡದ ಹಾಳಿ ಚೀಲದಾಗ ಹಾಕ್ಕೊಂಡು ಬಸ್ಸು ಹತ್ತಿದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಅಸುಂಡಿ, ನಾಗಾವಿ. ಇಂಥ ಮಕ್ಕಳಿದ್ದ ಮನಿ ಹುಡುಕೂದು, ಓದಿ ಹೇಳೂದು, ತಾಯಿ-ತಂದಿ ಏನಂತಾರ ಅದನ್ನ ಬರಕೊಳ್ಳೂದು. ಒಬ್ಬ ಗಂಡಸು ಬಂದು ಕೇಳಿದರ ಹೆಂಗಸರು ಬಾಯಿ ಬಿಡೂದಿಲ್ಲ ಅಂತ ಬೂಬಮ್ಮ ನನ್ನನ್ನ ಒಂದು ಸಲ ಜೋಡಿಗೆ ಕಳಿಸಿದಳು. ನನ್ನ ಹತ್ರ ಇದ್ದ ಮೊಮ್ಮಗಳು ರೇಣವ್ವನ್ನ ಆವತ್ತ ಬೂಬಮ್ಮನ ನೋಡಕೊಂಡಳು.

ಶಿರಹಟ್ಟಿ ಕಡೆ ಒಂದು ಹಳ್ಳಿ. ಗೌಡಕಿ ಮನಿ ಅಲ್ಲ, ಆದ್ರ ಉಂಡುಟ್ಟು ಸುಖವಾಗಿದ್ದ ಮನಿ. ಬಾಗಲದಾಗ ನಿಂತ ಹೆಂಗಸು ನಮ್ಮನ್ನ ಒಳಗ ಕರೀಲಿಲ್ಲ. "ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ರಿ. ಯಾರು ಹೇಳಿದ್ರು ನಿಮಗ?" ಅಂದಳು.

ಇವರು ವಾದ ಮಾಡಲಿಲ್ಲ. ಕಟ್ಟಿ ಮ್ಯಾಲ ಕುಂತು ನೀಲಿ ಪೆನ್ನಿಲೆ ಬರದರು. ಬರದು, "ಓದಿ ಹೇಳತೇನಿ, ಕೇಳ್ರಿ ಬಾಯಾರ. ಈ ಮನಿಯೊಳಗ ಅಂಥ ಮಗು ಯಾವುದೂ ಇಲ್ಲ. ನಾನು ಅಂಥ ಮಗುವನ್ನು ಹಡೆದಿಲ್ಲ. ಖರೆ ಏನ್ರಿ?"

ಇವರು ಪೆನ್ನು ಹಿಡಕೊಂಡು ಸುಮ್ಮನ ಕುಂತರು. ನನಗ ನೀರಡಿಸಿತ್ತು, ಎದ್ದು ಹೋಗೂನಂದೆ. ಕೈ ಮಾಡಿ ಕುಂಡ್ರಿಸಿದರು. ಭಾಳ ಹೊತ್ತಿಗೆ ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಒಳಗ ಹೋಗಿ ಹಿತ್ತಲ ಕೋಣಿಯ ಅಗಳಿ ತಗದಳು. ಹದಿನಾಲ್ಕು ವರ್ಷದ ಹುಡುಗ ಇದ್ದ. ಬೆಳಕಿಗೆ ಕಣ್ಣು ಮುಚ್ಚಿಕೊಂಡ.

ಬರೂಮುಂದ ಬಸ್ಸಿನಾಗ ನಾ ಅಂದೆ, "ಸುಳ್ಳ ಅಂತ ನಿಮಗ ಗೊತ್ತಿತ್ತು, ಬಯ್ಯಬೇಕಿತ್ತು." ಅವರು ಕಿಟಕಿ ಕಡೆ ನೋಡಕೋತ ಅಂದರು, "ಸುಳ್ಳು ಹೇಳೂದು ಸರಳ್ರಿ ನೀಲವ್ವಾರ. ಹೇಳಿದ ಸುಳ್ಳನ್ನ ಇನ್ನೊಬ್ಬರ ಬಾಯಿಲೆ ಕೇಳಿ ಖರೆ ಅನ್ನೂದು ಕಠಿಣ."

ಕಾಯ್ದೆ ಏನಾತು ಅಂತ ಓದೂವರಿಗೆ ಅನಸತಿರಬೇಕು. ಅದನ್ನ ಇಲ್ಲೇ ಹೇಳಿ ಮುಗಸತೇನಿ. ಅದು ಆಗಾಕ ಮತ್ತ ಭಾಳ ವರ್ಷ ಹಿಡೀತು. ಕರಡು ಬದಲಿ ಆತು, ಮತ್ತ ಬದಲಿ ಆತು, ಸರ್ಕಾರಾನೂ ಬದಲಿ ಆತು. ಆದ ದಿನ ಶಿರಸ್ತೇದಾರರು ಪೇಪರ ಹಿಡಕೊಂಡು ಬಂದರು, ಆಗಲೇ ಬಡಿಗಿ ಊರತಿದ್ದರು. ಆಮ್ಯಾಲ ಪೂರ್ತಿ ಕಾಯ್ದೆ ತರಿಸಿ, ಮಕ್ಕಳ ಮಾತು ಬಂದಲ್ಲೆಲ್ಲಾ ಓದಿ ಹೇಳಿದರು. ಅಂಗವಿಕಲ ಅಂತ ಹೇಳಿ ಮಗುವನ್ನ ಮನಿಯವರಿಂದ ಬ್ಯಾರೆ ಮಾಡೂಹಂಗಿಲ್ಲ. ಮಗುವಿಗೆ ಸಂಬಂಧಪಟ್ಟಿದ್ದರ ಬಗ್ಗೆ ಮಗು ತನಗ ಅನಿಸಿದ್ದನ್ನ ಹೇಳಬೇಕು, ಹೇಳಾಕ ಅದಕ್ಕ ಬೇಕಾದ ಆಸರಾ ಕೊಡಬೇಕು.

"ನೀವು ಬರದು ಕಳಿಸಿದ್ದನ್ನ ಹಾಕ್ಯಾರೇನ್ರಿ?" ಅಂತ ಕೇಳಿದೆ.

"ಹಂಗ ಅನ್ನಾಕ ಬರೂದಿಲ್ರಿ. ಆ ಕರಾರಿನಾಗನ ಇತ್ತು. ಮತ್ತ ನಮ್ಮಂಗ ಎಷ್ಟೋ ಊರವರು ಬರದಿರಬೇಕು. ಆದ್ರ ಐತಿ."

"ನೋಡಕೊಳ್ಳೂವರಿಗೆ ಏನರ ಐತೇನು?"

"ಐತಿ. ಸರ್ಕಾರದ ಕೈಯಾಗ ಎಷ್ಟು ಆಗತೈತೋ ಅಷ್ಟರೊಳಗ ಅಂತ ಐತಿ."

"ಅಂದ್ರ ಇಲ್ಲ ಅಂತ."

ಆವತ್ತ ನಕ್ಕರು. ಅವರು ನಕ್ಕಿದ್ದು ನಾ ನೋಡಿದ್ದು ಆವತ್ತೊಂದ ದಿನ.

ಇನ್ನ ನನ್ನ ಮಾತು, ದಿಲ್ಲಿಯೊಳಗ ಕರಡು ಬರಿಯಾಕತ್ತಿದ್ದ ಆ ವರ್ಷದ್ದು. ರೇಣವ್ವ ನನ್ನ ಮಗಳ ಮಗಳು. ಮಗಳು ಹಡೆದ ವರ್ಷದಾಗ ಜ್ವರ ಬಂದು ಹೋದಳು. ಅಳಿಯ ಮುಂಡರಗಿಯೊಳಗ ಇನ್ನೊಂದು ಲಗ್ನ ಮಾಡಕೊಂಡ. ಕೂಸಿನ ಕತ್ತು ನಿಲ್ಲೂದಿಲ್ಲ, ಅದು ಕುಂಡ್ರೂದಿಲ್ಲ ಅಂತ ಗೊತ್ತಾದ ಮ್ಯಾಲ ಈ ಕಡೆ ಹಾಯಲಿಲ್ಲ. ಹುಡುಗಿಗೆ ಆಗ ಒಂಬತ್ತು ವರ್ಷ. ಮಾತು ಇಲ್ಲ, ನಡಿಗಿ ಇಲ್ಲ. ಕೈಕಾಲು ಕಟ್ಟಿಗಿಹಂಗ ಬಿಗೀತಿದ್ದವು. ಕಣ್ಣು ಮಾತ್ರ ಚುರುಕು. ನಾಲಿಗಿಲೆ ಚ್ ಅಂತ ಒಂದು ಸಪ್ಪಳ ಮಾಡತಿದ್ದಳು. ಈಗ ಇಂಥವರಿಗೆ ವಿಕಲಚೇತನ ಅನಬೇಕಂತ, ದಿವ್ಯಾಂಗ ಅನಬೇಕಂತ. ಅನ್ನಲಿ. ಹೆಸರು ಬದಲಿ ಮಾಡಿದರ ಹಾಸಿಗಿ ಒಗಿಯೂದು ತಪ್ಪೂದಿಲ್ಲ.

ಎರಡು ಓಣಿ ದಾಟಿದರ ಶಾಲಿ. ಬಗಲಾಗ ಹೊತಗೊಂಡು ಹೋಗಿದ್ದೆ. "ಇಲ್ಲೆ ಇಕಿನ್ನ ಎತ್ತಾಕ ಇಳಸಾಕ ಯಾರಿಲ್ಲವ್ವ" ಅಂತ ಕಳಿಸಿದರು. ನನ್ನ ಬೆನ್ನು ಆ ವರ್ಷ ಕೈಕೊಟ್ಟಿತು. ಡಾಕ್ಟರು ಭಾರ ಎತ್ತಬ್ಯಾಡ ಅಂದರು. ರೊಟ್ಟಿ ಬಡಿಯೂದೂ ಅದೇ ಬೆನ್ನಿಲೆ, ಹುಡುಗಿನ್ನ ಎತ್ತೂದೂ ಅದೇ ಬೆನ್ನಿಲೆ. ಎರಡರಾಗ ಒಂದು ಬಿಡಬೇಕಿತ್ತು. ರೊಟ್ಟಿ ಬಿಟ್ಟರ ಇಬ್ಬರೂ ಉಪವಾಸ. ದೂರದ ಒಂದು ಊರಾಗ ಇಂಥ ಮಕ್ಕಳನ್ನ ಇಟಗೊಳ್ಳೂ ವಸತಿ ಐತಿ ಅಂತ ಯಾರೋ ಹೇಳಿದರು. ಊಟ, ಬಟ್ಟಿ ಅವರದ. ವರ್ಷಕ್ಕ ಎರಡು ಸಲ ನೋಡಾಕ ಬಿಡತಾರಂತ. ಅರ್ಜಿ ಕೊಡಬೇಕು, ಕೊಡೂದಕ್ಕ ಕಡೀ ದಿನ ಒಂದು ಸೋಮವಾರ.

ಶಿರಹಟ್ಟಿಯ ಹೆಂಗಸನ್ನ ನೋಡಿ ಬಂದಾಕಿ ಹಿಂಗ ಮಾಡಬಹುದೇನು ಅಂತ ಕೇಳೂವರು ಕೇಳಲಿ. ಮಂದಿ ಮನಿ ನೋಡೂದು ಬ್ಯಾರೆ, ತನ್ನ ಬೆನ್ನು ನೋಡಕೊಳ್ಳೂದು ಬ್ಯಾರೆ.

ಅರ್ಜಿ ಬರದು ಕೊಡ್ರಿ ಅಂತ ಶಿರಸ್ತೇದಾರರಿಗೆ ಹೇಳಿದೆ. ಬ್ಯಾಡ ಅನ್ನಲಿಲ್ಲ. ಸಂಜಿಮುಂದ ನನ್ನ ಮನಿಯೊಳಗ ಕುಂತು, ನಾ ಹೇಳಿದ್ದು ಹೇಳಿದಂಗ ಬರದರು. ಓದಿ ಹೇಳಿದರು. ನಾ ಖರೆ ಅಂದೆ, ಸಹಿ ಹಾಕಿದೆ. ಮುಗೀತು ಅಂತ ಏಳೂಹೊತ್ತಿಗೆ, "ಇನ್ನೊಬ್ರಿಗೆ ಓದಿ ಹೇಳೂದೈತ್ರಿ" ಅಂದರು.

"ಯಾರಿಗೆ?"

ಚಪ್ಪಲಿ ಬಿಟ್ಟು ಬಂದಿದ್ದರು. ಮೊಣಕಾಲು ಕಟಕಟ ಅನಿಸಿಕೋತ ನೆಲದ ಮ್ಯಾಲ, ರೇಣಿ ಮಲಗಿದ್ದ ಕೌದಿಯ ಬಾಜೂಕ ಕುಂತರು. "ರೇಣವ್ವಾರ, ಈ ಕಾಗದ ನಿಮ್ಮ ಸಂಬಂಧ ಐತ್ರಿ. ಓದಿ ಹೇಳತೇನಿ, ಕೇಳ್ರಿ."

ಒಂಬತ್ತು ವರ್ಷದ ಹುಡುಗಿಗೆ ರೀ ಹಚ್ಚಿ ಮಾತಾಡಿದ್ದು ಕೇಳಿ ನನಗ ನಗಿ ಬಂತು. ಅವರು ಓದಿದರು. 'ನನ್ನ ಮೊಮ್ಮಗಳನ್ನು ತಮ್ಮ ವಸತಿಯಲ್ಲಿ ಇಟ್ಟುಕೊಳ್ಳಬೇಕು' ಅನ್ನೂತನಕಾ ಬಂದಾಗ ರೇಣಿ ಚ್ ಅಂದಳು.

"ಬ್ಯಾಡ ಅಂತಾರ" ಅಂದರು.

"ಏನ್ ಬ್ಯಾಡ? ಅದು ಸಪ್ಪಳ್ರಿ. ದಿನಾ ಹತ್ತು ಸಲ ಹಂಗ ಮಾಡತಾಳ."

"ಸಾಕ್ಷಿಗೆ ತಿಳುವಳಿಕಿ ಐತೋ ಇಲ್ಲೋ ನೋಡೂಣು." ಆಕಿ ಕಡೆ ತಿರುಗಿದರು. "ನಿಮ್ಮ ಹೆಸರು ಕಾಶವ್ವ."

ಚ್.

"ನಿಮ್ಮ ಹೆಸರು ರೇಣವ್ವ."

ಸುಮ್ಮನಿದ್ದಳು.

"ನಿಮ್ಮ ಊರು ಬೊಂಬಾಯಿ."

ಚ್.

"ಬೆಟಗೇರಿ."

ಸುಮ್ಮನಿದ್ದಳು.

"ನಿಮ್ಮ ಅಜ್ಜಿ ಭಾಳ ಸಮಾಧಾನದ ಹೆಂಗಸು."

ಚ್, ಚ್. ಬಾಗಲದಾಗ ನಿಂತಿದ್ದ ಬೂಬಮ್ಮ ಹೊಟ್ಟಿ ಹಿಡಕೊಂಡು ನಕ್ಕಳು. ನಾ ನಗಲಿಲ್ಲ. ನಮ್ಮ ಕಡೆ ಎಲ್ಲಾರೂ ಬ್ಯಾಡ ಅನ್ನಾಕ, ಅಲ್ಲ ಅನ್ನಾಕ ಹಂಗ ನಾಲಿಗಿ ಬಡೀತೇವಿ. ನಾನೂ ದಿನಾ ಬಡೀತೇನಿ. ಆಕಿ ಮಾಡಿದ್ದನ್ನ ಮಾತ್ರ ಸಪ್ಪಳ ಅಂತ ತಿಳಕೊಂಡಿದ್ದೆ.

ಅವರು ಅರ್ಜಿ ಮತ್ತ ಓದಿದರು. ಅದೇ ಜಾಗಾದಾಗ ಚ್. ಮೂರನೇ ಸಲ ಓದಿದರು. ಆಕಿ ಸಪ್ಪಳ ಮಾಡಲಿಲ್ಲ. ಇದ್ದ ಶಕ್ತಿಯೆಲ್ಲಾ ಹಾಕಿ ಗ್ವಾಡಿ ಕಡೆ ಮಾರಿ ತಿರುಗಿಸಿದಳು.

"ಇದನ್ನ ಏನಂತ ಬರೀಲಿ?" ಅಂತ ನನ್ನನ್ನ ಕೇಳಿದರು.

"ಬ್ಯಾಸರ ಆತು ಅಂತ ಬರೀರಿ" ಅಂದೆ.

ಬರೀಲಿಲ್ಲ. ಅರ್ಜಿಯ ಕೆಳಗ ಎರಡು ಸಾಲು ಬರದು ನನ್ನ ಕೈಯಾಗ ಕೊಟ್ಟರು. 'ಮಗುವಿಗೆ ಮೂರು ಸಲ ಓದಿ ಹೇಳಲಾಯಿತು. ಮಗು ಒಪ್ಪಿಲ್ಲ.'

ನನಗ ಮೈಯೆಲ್ಲಾ ಉರೀತು. "ಇದನ್ನ ನೋಡಿದ್ರ ಅವ್ರು ತಗೋತಾರೇನು? ಕೆಡಿಸಿದ್ರೆಲ್ಲಾ!"

"ಅರ್ಜಿ ನಿಮ್ದು, ನಿಮ್ಮ ಮಾತು ಮ್ಯಾಲ ಐತಿ. ಒಂದು ಅಕ್ಷರ ಬದಲಿ ಮಾಡಿಲ್ಲ. ಕೊಡೂದು ಬಿಡೂದು ನಿಮಗ ಬಿಟ್ಟಿದ್ದು. ಅಕಿ ಅಂದಿದ್ದು ಕೆಳಗ ಐತಿ."

"ನಾಳೆ ಮುಂಜಾನೆ ಅಕಿನ್ನ ಕಾಲುಮಡಿಸಾಕ ಎತ್ತೂದು ನೀವೇನು? ಮೈ ತೊಳಿಯೂದು ನೀವೇನು? ಪೆನ್ನು ಎತ್ತಿದಂಗ ಅಲ್ರಿ ಅದು!"

ಎದ್ದು ಹೋದರು. ಮರುದಿನದಿಂದ ನಾ ಅವರಿಗೆ ರೊಟ್ಟಿ ಕೊಡೂದು ಬಿಟ್ಟೆ. ಹದಿನೈದು ದಿನ ಕೊಡಲಿಲ್ಲ. ಬೂಬಮ್ಮ ಹಿತ್ತಲ ಬಾಗಲಿಂದ ಬಂದು ಒಯ್ಯತಿದ್ದಳು. ನಾ ಅವರಿಗೆ ಕೊಟ್ಟಿಲ್ಲ, ಆಕಿಗೆ ಕೊಟ್ಟೇನಿ ಅಂತ ಮನಸ್ಸಿಗೆ ಹೇಳಕೊಂಡೆ.

ಒಂದಿನ ನಳದ ಮುಂದ ಅಡ್ಡ ಬಂದರು. "ನೀಲವ್ವಾರ, ಬರೂ ರವಿವಾರ ಗದಗಿನಾಗ ಸಭಾ ಐತಿ. ಕಾಯ್ದೆ ಬಗ್ಗೆ ಜನ ಹೇಳಿದ್ದನ್ನ ದಿಲ್ಲಿಗೆ ಕಳಸತಾರ. ನನ್ನ ವಿರುದ್ಧ ಹೇಳೂದಿದ್ರ ಅಲ್ಲೇ ಬಂದು ಹೇಳ್ರಿ. ಬರಕೊಳ್ಳಾಕ ನಾನ ಇರತೇನಿ."

ಹೋದೆ. ಅವರ ಮಾನ ಕಳೀಬೇಕಂತಲೇ ಹೋದೆ. ರೇಣಿನ್ನ ಬೂಬಮ್ಮನ ಹತ್ರ ಬಿಟ್ಟಿದ್ದೆ.

ಸಭಾ ನಡಸಾಕ ಬೆಂಗಳೂರಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು, ನಡುವಯಸ್ಸಿನವರು, ಮೆತ್ತಗ ಮಾತಾಡತಿದ್ದರು. ಶಿರಹಟ್ಟಿಯ ಆ ತಾಯಿ ಬಂದಿದ್ದಳು. ಮಗನ್ನ ಕರಕೊಂಡು ಬಂದಿದ್ದಳು. ಅಸುಂಡಿಯವನೊಬ್ಬ ತಂದಿ ಬಸ್ಸಿನ ಮೆಟ್ಟಲ ಸುದ್ದಿ ಹೇಳಿದ. ನನ್ನ ಪಾಳಿ ಬಂತು. ಶಿರಸ್ತೇದಾರರು ಮೂಲ್ಯಾಗಿನ ಮೇಜಿಗೆ ಕುಂತು ಬರಕೊಳ್ಳಾಕತ್ತಿದ್ದರು. ನಾ ಅವರನ್ನ ನೋಡಿಕೋತನ ಹೇಳಿದೆ.

"ಮಗು ಮನ್ಯಾಗ ಇರಬೇಕಂತೀರಿ, ಮಗುವಿನ್ನ ಕೇಳಬೇಕಂತೀರಿ. ಕೇಳ್ರಿ. ಕೇಳಿದ ಮ್ಯಾಲ ಎತ್ತೂವರು ಯಾರು? ನಿಮ್ಮ ಕಾಯ್ದೆಗೆ ಬೆನ್ನೈತೇನು? ನನ್ನ ಬೆನ್ನು ಹೋಗೇತಿ. ನಾ ಆಕಿನ್ನ ಕಳಸೂದು ಬ್ಯಾಸರಾಗಿ ಅಲ್ಲ, ಬೆನ್ನು ಹೋಗಿದ್ದಕ್ಕ. ಅದನ್ನ ಅರೀದ ಈ ಶಿರಸ್ತೇದಾರಗ ಬುದ್ಧಿ ಇಲ್ಲ."

ಮಂದಿ ಗೊಳ್ಳಂತ ನಕ್ಕರು. ಬೆಂಗಳೂರಿನ ಬಾಯಾರು ನಗಲಿಲ್ಲ. "ಇದು ಮುಖ್ಯವಾದ ಮಾತು. ಆರೈಕೆದಾರರ ಮೇಲಿನ ಹೊರೆ ಅಂತ ಬರೆದುಕೊಳ್ಳಿ" ಅಂದರು.

"ಬ್ಯಾಡ್ರಿ ಬಾಯಾರ" ಅಂದರು ಇವರು. "ಅವ್ರು ಬೆನ್ನು ಅಂದಾರ. ಬೆನ್ನು ಅಂತನ ಬರೀಬೇಕು." ಎದ್ದು ನಿಂತು ಓದಿದರು. "ನೀಲವ್ವ ಹೇಳುವುದೇನೆಂದರೆ, ಕಾಯ್ದೆಗೆ ಬೆನ್ನಿಲ್ಲ. ನನ್ನ ಬೆನ್ನು ಹೋಗಿದೆ. ಬೇಸರಾಗಿ ಕಳಿಸುತ್ತಿಲ್ಲ. ಇದನ್ನು ಅರಿಯದ ಶಿರಸ್ತೇದಾರರಿಗೆ ಬುದ್ಧಿಯಿಲ್ಲ. ಖರೆ ಏನ್ರಿ?"

ದನಿಯೊಳಗ ಏನೂ ಇರಲಿಲ್ಲ. ರೊಟ್ಟಿಯ ಚೀಟಿ ಓದಿದಂಗ ಓದಿದ್ದರು.

"ಖರೆ" ಅಂದೆ. ಅನ್ನೂದು ಕಠಿಣ ಆತು.

ಆಮ್ಯಾಲ ಚೀಲದಾಗಿಂದ ಇನ್ನೊಂದು ಹಾಳಿ ತಗದರು. "ಇದು ರೇಣವ್ವನ ಹೇಳಿಕಿ. ನಿಮ್ಮ ಮನಿಯೊಳಗ ಅರ್ಜಿಯ ಕೆಳಗ ಬರದಿದ್ದರ ನಕಲು. ನಿಮ್ಮನ್ನ ಕೇಳದ ಕೊಡೂದಿಲ್ಲ. ಸೇರಸಲೇನ್ರಿ?"

ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ದರು. "ಸೇರಸ್ರಿ, ನಂದೇನ್ ಹೋತು" ಅಂದೆ. ನನ್ನ ಹೇಳಿಕಿ ಮ್ಯಾಲ, ಆಕಿದು ಕೆಳಗ ಇಟ್ಟು ಒಂದೇ ಟಾಚಣಿ ಚುಚ್ಚಿದರು. ಒಂದು ಕಳಸತೇನಿ ಅನ್ನೂದು, ಇನ್ನೊಂದು ಹೋಗೂದಿಲ್ಲ ಅನ್ನೂದು. ಎರಡೂ ಹಂಗ ದಿಲ್ಲಿಗೆ ಹೋದವು.

ಗದಗಿಂದ ಬೆಟಗೇರಿಗೆ ನಡಕೋತ ಬಂದೆವು. ಅರ್ಧ ದಾರಿ ಕಳೀತು. ಆಮ್ಯಾಲ ಅವರ ಅಂದರು, "ಒಂದು ಕೋರ್ಟಿನಾಗ ನಾ ಕೆಲಸಕ್ಕ ಸೇರಿದ ಹೊಸದಾಗಿ ಒಬ್ಬ ಹುಡುಗಿ ಸಾಕ್ಷಿಗೆ ಬಂದಿದ್ಲು. ಮಾತು ಬರತಿರಲಿಲ್ಲ. ಕಟಕಟಿಯೊಳಗ ನಿಂತು ಕೈಲೆ ಕಟ್ಟಿಗಿ ಬಡದ್ಲು, ಒಬ್ಬನ ಕಡೆ ಬಟ್ಟು ಮಾಡಿದ್ಲು. ಮಾತು ಬಾರದವ್ರು ಸನ್ನಿ ಮಾಡಿ ಹೇಳಿದ್ರ ಅದನ್ನ ಬಾಯಿಮಾತು ಅಂತ ಬರಕೋಬೇಕು, ಆವಾಗೂ ಕಾಯ್ದೆ ಹಂಗ ಇತ್ತು. ನನಗ ಗೊತ್ತಿತ್ತು. ಎಲ್ಲಾರಿಗೂ ಅವಸರ ಇತ್ತು. ಸಾಕ್ಷಿಗೆ ಮಾತು ಬರುವುದಿಲ್ಲ ಅಂತ ಬರದೆ. ಇಳಿಸಿ ಕಳಿಸಿದ್ರು."

"ಏನ್ ಕೇಸು?"

"ಅದು ಬ್ಯಾಡ್ರಿ."

"ಅಂದ್ರ ಆವಾಗಿನ ನಿಮ್ಮ ತಪ್ಪನ್ನ ನನ್ನ ಬೆನ್ನಿನ ಮ್ಯಾಲ ತೀರಿಸಾಕ ಬಂದೀರಿ" ಅಂದೆ.

"ಹೌದ್ರಿ" ಅಂದರು. "ಅದು ಖರೆ."

ಮನಿಗೆ ಬಂದಾಗ ಬೂಬಮ್ಮ ರೇಣಿನ್ನ ತೊಡಿ ಮ್ಯಾಲ ಹಾಕ್ಕೊಂಡು ತಲಿ ಬಾಚಾಕತ್ತಿದ್ದಳು. ಗಂಡನ್ನ ನೋಡಿದವಳ ಶುರು ಮಾಡಿದಳು. "ಆತೇನ್ರಿ ನಿಮ್ಮ ಬರಿಯೂದು? ಇಲ್ಲೆ ನಾ ಮೂರು ಸಲ ಎತ್ತೇನಿ, ಎರಡು ಸಲ ತೊಳದೇನಿ. ಇವ್ರು ದುನಿಯಾದ ಹಕ್ಕು ಬರೀತಾರಂತ, ಎತ್ತೂದು ಮಾತ್ರ ಹೆಂಗಸರು." ಆಮ್ಯಾಲ ನನ್ನ ಕಡೆ ತಿರುಗಿ, "ನೀಲಕ್ಕ, ಒಬ್ಬಾಕಿ ಎತ್ತಿದ್ರ ಬೆನ್ನು ಹೋಗತೈತಿ. ತಲಿ ಕಡೆ ನೀ, ಕಾಲ ಕಡೆ ನಾ ಹಿಡದ್ರ ಇಕಿ ಏನ್ ಭಾರ? ಮುಂಜಾನೆ ಸಂಜಿಮುಂದ ನಾ ಬರತೇನಿ. ಕಳಸೂದಿದ್ರ ಕಳಸು, ನಾ ಅಡ್ಡ ಬರೂದಿಲ್ಲ. ಬೆನ್ನಿನ ಸಲುವಾಗಿ ಕಳಸಬ್ಯಾಡ" ಅಂದಳು.

ಶಿರಸ್ತೇದಾರರು ಬಾಗಲದಾಗ ನಿಂತಿದ್ದರು. ಯಾರು ಏನಂದರೂ ಬರಕೊಳ್ಳೂ ಮನಷ್ಯಾ ಆವತ್ತ ಪೆನ್ನು ಮುಟ್ಟಲಿಲ್ಲ. ತಮ್ಮ ಮನಿಯೊಳಗ ಹೋದರು.

ಮರುದಿನ ಸೋಮವಾರ, ಅರ್ಜಿ ಕೊಡೂ ಕಡೀ ದಿನ. ಮುಂಜಾನೆ ಎದ್ದು ಒಲಿ ಹಚ್ಚಿದೆ. ರೇಣಿಗೆ ಹಾಲಿನಾಗ ರೊಟ್ಟಿ ಮುರದು ನೆನಸಿದೆ. ಹಲ್ಲು ಬಂದಾಗಿಂದ ಆಕಿಗೆ ದಿನಾ ಮುಂಜಾನೆ ಅದನ್ನ ತಿನಿಸತಿದ್ದೆ. ಚಮಚಾ ಬಾಯಿ ಹತ್ರ ಒಯ್ದು ನಿಲ್ಲಿಸಿದೆ. ಎದಕ್ಕ ನಿಲ್ಲಿಸಿದೆ ಅಂತ ನನಗೂ ಗೊತ್ತಿಲ್ಲ. "ರೇಣಿ, ಇದು ನಿನಗ ಸೇರತೈತೇನು?" ಅಂತ ಕೇಳಿದೆ.

ಚ್.

"ಹಾಲು ಬಿಟ್ಟು ಸಾರಿನಾಗ ನೆನಸಲೇನು?"

ಚ್.

"ಅನ್ನ ಮಾಡಲೇನು?"

ಸಪ್ಪಳ ಮಾಡಲಿಲ್ಲ. ಕಣ್ಣು ಮಿಟಕಸದ ನನ್ನನ್ನ ನೋಡಿದಳು.

ಅರ್ಜಿ ಕೊಡಾಕ ಹೋಗಬೇಕಾದ ಬಸ್ಸು ಎಂಟು ಗಂಟೆಕ್ಕ ಗದಗ ಬಿಡತಿತ್ತು. ಎಂಟು ಗಂಟೆಕ್ಕ ನಾ ಅಕ್ಕಿ ತೊಳಿಯಾಕತ್ತಿದ್ದೆ.